ಓದುಗರ ಪ್ರಶ್ನೆ: ‘ಸಾಕು ಬಿಡು’ ಎಂದರೆ ಏನರ್ಥ?

ಪ್ರಶ್ನೆ: ನನಗೆ 34 ವರ್ಷ, ನನ್ನ ಪತಿಗೆ 37. ಮದುವೆಯಾಗಿ ಏಳು ವರ್ಷವಾಯಿತು, ಮಗು ಬೇಕೆಂದು ಪ್ರಯತ್ನಿಸಲು ತೊಡಗಿ ಐದು ವರ್ಷ. ಇಬ್ಬರಿಗೂ ಪರೀಕ್ಷೆಗಳು ನಡೆದಿವೆ. ನನ್ನ ಗರ್ಭನಾಳಗಳಲ್ಲಿ ತಡೆಯಿಲ್ಲ, ಅಂಡಾಣು ಬಿಡುಗಡೆಯಾಗುತ್ತಿದೆ, ಅವರ ವೀರ್ಯ ಪರೀಕ್ಷೆಯ ವರದಿಯೂ ಸರಿಯಾಗಿದೆ. ‘ಕಾರಣ ತಿಳಿಯದ ಸಂತಾನಹೀನತೆ’ ಎಂದು ವೈದ್ಯರು ಫೈಲಿನಲ್ಲಿ ಬರೆದರು. ಮೂರು ಸಲ ಐಯುಐ (ವೀರ್ಯಾಣುಗಳನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು), ಎರಡು ಸಲ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶದಲ್ಲಿಡುವುದು) ಆಯಿತು. ಎರಡನೆಯ ಐವಿಎಫ್ ಕೂಡ ಫಲಿಸಲಿಲ್ಲ ಎಂದು ತಿಳಿದ ಬೆಳಿಗ್ಗೆ ನಾನು ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿಟ್ಟುಕೊಂಡು ಅತ್ತುಬಿಟ್ಟೆ. ಅವರು ಬಾಗಿಲಾಚೆ ನಿಂತು ‘ಸಾಕು ಬಿಡು’ ಎಂದಷ್ಟೇ ಹೇಳಿ ಕೆಲಸಕ್ಕೆ ಹೊರಟುಹೋದರು.

ಅದಾಗಿ ಎಂಟು ತಿಂಗಳಾಯಿತು. ಚಿಕಿತ್ಸೆಯ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಉಳಿದಿದ್ದ ಇಂಜೆಕ್ಷನ್‌ಗಳ ಡಬ್ಬಿಯನ್ನು ನಾನು ಫ್ರಿಡ್ಜ್‌ನಲ್ಲಿ ಇಟ್ಟಿದ್ದೆ. ಒಂದು ದಿನ ನೋಡಿದರೆ ಅದು ಅಲ್ಲಿರಲಿಲ್ಲ. ಕೇಳಿದ್ದಕ್ಕೆ ‘ತೆಗೆದಿಟ್ಟಿದ್ದೇನೆ’ ಎಂದರು. ಅವರ ಪಾಲಿಗೆ ಎಲ್ಲವೂ ಮುಗಿದಿದೆ ಎಂದು ನನಗೆ ಅಂದೇ ಅನ್ನಿಸಿತು. ನಮ್ಮ ನಡುವೆ ದೈಹಿಕ ಸಂಬಂಧವೂ ನಿಂತುಹೋಗಿದೆ. ಈಚೆಗೆ ತಂಗಿ ಗರ್ಭಿಣಿಯಾದ ಸುದ್ದಿ ಬಂದಾಗ ನನಗೆ ಸಂತೋಷವಾಗಲಿಲ್ಲ, ಹೊಟ್ಟೆ ಉರಿಯಿತು. ಇಷ್ಟು ಕೆಟ್ಟವಳಾದೆನೇ ಎಂದು ನನಗೇ ನಾಚಿಕೆಯಾಗುತ್ತಿದೆ. ನಾನೇ ಬಿಟ್ಟುಕೊಟ್ಟು ಹೊರಟುಹೋದರೆ ಅವರು ಬೇರೆ ಮದುವೆಯಾಗಿ ತಂದೆಯಾಗಬಹುದಲ್ಲವೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದೆಲ್ಲ ನೋವೂ ಅಲ್ಲಿಗೇ ಬಂದು ನಿಂತಿದೆ. ಇಬ್ಬರ ವರದಿಗಳೂ ಸರಿಯಾಗಿವೆ ಎಂದು ಬರೆದವರು ನೀವೇ. ನಾಲ್ಕು ಸಾಲು ದಾಟುವಷ್ಟರಲ್ಲಿ ‘ನಾನು ಹೋದರೆ ಅವರು ತಂದೆಯಾಗಬಹುದು’ ಎಂದವರೂ ನೀವೇ. ಕೊರತೆ ನಿಮ್ಮದೆಂದು ಯಾವ ವರದಿಯೂ ಹೇಳಿಲ್ಲ. ‘ಕಾರಣ ತಿಳಿಯದ’ ಎಂಬ ಮಾತಿಗೆ ಇಂದಿನ ಪರೀಕ್ಷೆಗಳ ಕಣ್ಣಿಗೆ ಕಾರಣ ಬೀಳಲಿಲ್ಲ ಎಂಬುದಷ್ಟೇ ಅರ್ಥ; ಅದು ಹೆಂಡತಿಯ ದೇಹದಲ್ಲಿ ಎಲ್ಲೋ ಅಡಗಿದೆ ಎಂದಲ್ಲ. ತಪಾಸಣೆಗೆ ಬರುವ ದಂಪತಿಗಳಲ್ಲಿ ಶೇಕಡ 15ರಿಂದ 30ರಷ್ಟು ಮಂದಿಗೆ ಇದೇ ಉತ್ತರ ಸಿಗುತ್ತದೆ. ಕಾರಣ ಸಿಕ್ಕಿದವರಲ್ಲಿಯೂ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಅಂಶ ಒಂಟಿಯಾಗಿಯೋ ಹೆಣ್ಣಿನದರ ಜೊತೆ ಸೇರಿಯೋ ಇದ್ದೇ ಇರುತ್ತದೆ. ಇಷ್ಟಾದರೂ ಕಾರಣ ಕಾಣದ ಕಡೆಯಲ್ಲೆಲ್ಲ ಹೆಣ್ಣು ತನ್ನ ಹೆಸರನ್ನೇ ಬರೆದುಕೊಳ್ಳುತ್ತಾಳೆ. ಆಪ್ತಸಮಾಲೋಚಕಿಯಾಗಿ ನಾನು ಇದನ್ನು ಎಷ್ಟು ಸಲ ಕಂಡಿದ್ದರೂ ಪ್ರತಿ ಸಲವೂ ಸಂಕಟವಾಗುತ್ತದೆ.

ಇನ್ನೊಂದು ಮಾತು. ಬಿಟ್ಟುಕೊಡುವುದು ತ್ಯಾಗವೆಂದು ನಿಮಗೆ ತೋರುತ್ತಿರಬಹುದು, ಆದರೆ ಅವರನ್ನು ಒಂದು ಮಾತೂ ಕೇಳದೆ ಅವರ ಬದುಕಿನ ಅತಿ ದೊಡ್ಡ ತೀರ್ಮಾನವನ್ನು ನೀವೊಬ್ಬರೇ ಮಾಡಿದಂತಾಗುತ್ತದೆ. ಅವರಿಗೆ ಮಗು ಬೇಕೋ, ನಿಮ್ಮಿಂದಲೇ ಮಗು ಬೇಕೋ, ಮಗುವಿಲ್ಲದಿದ್ದರೂ ನೀವು ಬೇಕೋ ಎಂಬುದು ಅವರು ಬಾಯಿ ಬಿಟ್ಟು ಹೇಳುವವರೆಗೆ ನಿಮಗೂ ತಿಳಿಯದು, ನನಗೂ ತಿಳಿಯದು.

ಈಗ ಆ ‘ಸಾಕು ಬಿಡು’. ನೀವು ಅದನ್ನು ‘ನನಗೆ ಇದೆಲ್ಲ ಸಾಕಾಯಿತು’ ಎಂದು ಕೇಳಿಸಿಕೊಂಡಿರಿ. ‘ನೀನು ಇಷ್ಟು ನೋವು ತಿಂದದ್ದು ಸಾಕು’ ಎಂದೂ ಅದನ್ನು ಹೇಳಬಹುದು. ‘ನಮಗೆ ನಾವಿಬ್ಬರೇ ಸಾಕು’ ಎಂದೂ ಆಗಬಹುದು. ಮುಚ್ಚಿದ ಬಾಗಿಲಿನಾಚೆ ನೀರಿನ ಸದ್ದಿನ ನಡುವೆ ಹೆಂಡತಿ ಅಳುವುದನ್ನು ಕೇಳಿಸಿಕೊಳ್ಳುತ್ತ ನಿಂತ ಗಂಡಸಿಗೆ ತನ್ನ ಮಾತಿಗೆ ಯಾವ ಅರ್ಥವಿದೆ ಎಂಬುದು ಆ ಗಳಿಗೆಯಲ್ಲಿ ಸ್ಪಷ್ಟವಾಗಿದ್ದಿರಲಿಕ್ಕಿಲ್ಲ. ಎರಡೇ ಪದಗಳ ಆ ಮಾತನ್ನು ಹಿಡಿದುಕೊಂಡು ನೀವು ಎಂಟು ತಿಂಗಳು ಕಳೆದಿರಿ. ನೀವು ಏನೂ ಕೇಳಲಿಲ್ಲವೆಂಬುದನ್ನು ಹಿಡಿದುಕೊಂಡು ಅವರೂ ಎಂಟು ತಿಂಗಳು ಕಳೆದಿರಬಹುದು.

ಚಿಕಿತ್ಸೆಯಲ್ಲಿ ಗಂಡನ ಪಾಲಿಗೆ ಏನು ಬರುತ್ತದೆ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. ಸೂಜಿ ನಿಮ್ಮ ಹೊಟ್ಟೆಗೆ, ಸ್ಕ್ಯಾನಿಂಗ್ ನಿಮಗೆ, ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದು ನಿಮ್ಮಿಂದ. ತೊಂದರೆ ಗಂಡನದೇ ಆಗಿದ್ದರೂ ಐವಿಎಫ್‌ನ ಬಹುಪಾಲು ಹೆಣ್ಣಿನ ಮೈಮೇಲೆಯೇ ನಡೆಯುತ್ತದೆ. ಅವರ ಪಾಲಿಗೆ ಬರುವುದು ಸಹಿ ಹಾಕುವುದು, ಹಣ ಕಟ್ಟುವುದು, ಮುಚ್ಚಿದ ಕೋಣೆಯಲ್ಲಿ ಮಾದರಿ ಕೊಟ್ಟು ತಲೆ ತಗ್ಗಿಸಿಕೊಂಡು ಹೊರಬರುವುದು, ಮತ್ತೆ ಕಾಯುವುದು. ನನ್ನೆದುರು ಕುಳಿತ ಎಷ್ಟೋ ಗಂಡಂದಿರು ಇಡೀ ಒಂದು ಗಂಟೆ ಫೈಲನ್ನು ತೊಡೆಯ ಮೇಲಿಟ್ಟು ಎರಡೂ ಕೈಗಳಿಂದ ಒತ್ತಿ ಹಿಡಿದಿರುತ್ತಾರೆ. ಹೆಂಡತಿ ಮಾತನಾಡುತ್ತಾಳೆ, ಅಳುತ್ತಾಳೆ. ಅವರು ಫೈಲಿನ ಅಂಚನ್ನು ಸರಿಮಾಡುತ್ತಾರೆ. ‘ಇವರಿಗೆ ಏನೂ ಅನ್ನಿಸುವುದಿಲ್ಲ’ ಎಂದು ಆಕೆ ದೂರುತ್ತಾಳೆ. ಅನ್ನಿಸದವರು ಕಾಗದವನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ತಾನೂ ಅತ್ತರೆ ಅವಳನ್ನು ಹಿಡಿದುಕೊಳ್ಳುವವರು ಯಾರು ಎಂಬ ಭಯ ಅವರಲ್ಲಿ ಅನೇಕರಿಗಿರುತ್ತದೆ. ಆ ಭಯವೇ ಹೆಂಡತಿಗೆ ಕಲ್ಲು ಮನಸ್ಸಿನಂತೆ ಕಾಣುತ್ತದೆ.

ಇದನ್ನು ಬರೆದದ್ದು ನಿಮ್ಮ ಪತಿಯ ಪರ ವಕಾಲತ್ತು ವಹಿಸಲಿಕ್ಕಲ್ಲ. ಬಾಗಿಲು ತಟ್ಟದೆ ಕೆಲಸಕ್ಕೆ ಹೋದದ್ದು ನಿಮಗೆ ನೋವು ತಂದಿದೆ, ಆ ನೋವು ನ್ಯಾಯವಾದದ್ದು, ಅದನ್ನು ಅವರಿಗೆ ಹೇಳಲೇಬೇಕು. ಸಾವು ಸಂಭವಿಸಿದ ಮನೆಗೆ ನಾಲ್ಕು ಜನ ಬಂದು ಕೂರುತ್ತಾರೆ. ಆದರೆ ಭ್ರೂಣವನ್ನು ಗರ್ಭಕೋಶದಲ್ಲಿಟ್ಟ ಮೇಲಿನ ಸುಮಾರು ಎರಡು ವಾರ ಹೊಟ್ಟೆಯ ಪ್ರತಿಯೊಂದು ಸೆಳೆತವನ್ನೂ ಎಣಿಸಿ, ಕೊನೆಗೆ ಒಂದು ಬೆಳಿಗ್ಗೆ ‘ಇಲ್ಲ’ ಎಂಬ ಉತ್ತರ ಪಡೆದ ಹೆಣ್ಣಿನ ಬಳಿ ಯಾರೂ ಬಂದು ಕೂರುವುದಿಲ್ಲ. ನಡೆದದ್ದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಸಂತಾನ ಚಿಕಿತ್ಸೆಯಲ್ಲಿರುವ ಮಹಿಳೆಯರ ಆತಂಕ ಮತ್ತು ಖಿನ್ನತೆ ಕ್ಯಾನ್ಸರ್‌ನಂಥ ಕಾಯಿಲೆ ಇರುವವರ ಮಟ್ಟದಲ್ಲಿಯೇ ಇರುತ್ತದೆ ಎಂದು 1993ರಷ್ಟು ಹಿಂದೆಯೇ ಒಂದು ಅಧ್ಯಯನ ತೋರಿಸಿತ್ತು. ಆದ್ದರಿಂದ ತಂಗಿಯ ಸುದ್ದಿಗೆ ಹೊಟ್ಟೆ ಉರಿದದ್ದಕ್ಕೆ ನೀವು ಕೆಟ್ಟವರಾಗಲಿಲ್ಲ. ತಂಗಿಗೆ ಕೇಡಾಗಲಿ ಎಂದು ನೀವು ಬಯಸಲಿಲ್ಲ, ನಿಮಗೂ ಆಗಲಿ ಎಂದು ಬಯಸಿದಿರಿ. ಎದುರು ನಿಂತು ನಗುವ ಶಕ್ತಿ ಸದ್ಯಕ್ಕೆ ಇಲ್ಲದಿದ್ದರೆ ‘ನಿನ್ನ ಬಗ್ಗೆ ಪ್ರೀತಿಯಿದೆ, ನನಗೆ ಸ್ವಲ್ಪ ಸಮಯ ಬೇಕು’ ಎಂದು ಆಕೆಗೆ ಬರೆದು ಕಳಿಸಿ. ಒಡಹುಟ್ಟಿದವಳು ಅದನ್ನು ಅರ್ಥ ಮಾಡಿಕೊಳ್ಳುತ್ತಾಳೆ.

‘ತಲೆ ಕೆಡಿಸಿಕೊಳ್ಳಬೇಡ, ಆರಾಮಾಗಿರು, ತಾನಾಗಿಯೇ ಆಗುತ್ತದೆ’ ಎಂದು ನಿಮಗೆ ಯಾರೋ ಹೇಳಿಯೇ ಇರುತ್ತಾರೆ. ಈ ಮಾತು ಸಮಾಧಾನದ ವೇಷದಲ್ಲಿ ಬರುವ ಆರೋಪ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 14 ಅಧ್ಯಯನಗಳ 3,583 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿ, ಚಿಕಿತ್ಸೆಗೆ ಮೊದಲು ಇದ್ದ ಆತಂಕ ಅಥವಾ ದುಃಖದಿಂದ ಆ ಸುತ್ತಿನ ಫಲಿತಾಂಶ ಕೆಡುವುದಿಲ್ಲ ಎಂದು ಕಂಡುಕೊಂಡಿತು. ನೀವು ಅತ್ತದ್ದರಿಂದ, ಹೆದರಿದ್ದರಿಂದ ಐವಿಎಫ್ ವಿಫಲವಾಗಲಿಲ್ಲ. ದಯವಿಟ್ಟು ಈ ವಾಕ್ಯವನ್ನು ಎರಡು ಸಲ ಓದಿ.

ದೈಹಿಕ ಸಂಬಂಧದ ವಿಷಯ. ಗರ್ಭ ನಿಲ್ಲುವ ಸಾಧ್ಯತೆಯಿರುವುದು ಅಂಡಾಣು ಬಿಡುಗಡೆಯಾಗುವ ದಿನವೂ ಸೇರಿ ಅದಕ್ಕೆ ಮೊದಲಿನ ಐದು ದಿನ, ಒಟ್ಟು ಆರು ದಿನ ಮಾತ್ರ. ಈ ಲೆಕ್ಕ ತಿಳಿದ ದಂಪತಿ ವರ್ಷಗಟ್ಟಲೆ ಕ್ಯಾಲೆಂಡರ್ ನೋಡಿ ಕೂಡುತ್ತಾರೆ. ಜಗಳವಾಡಿದ ದಿನವೂ, ಜ್ವರ ಬಂದ ದಿನವೂ ‘ಇವತ್ತು ಬಿಡುವಂತಿಲ್ಲ’ ಎಂಬ ಮಾತು. ಹಾಗೆ ಕೂಡಿದ್ದಕ್ಕೆಲ್ಲ ತಿಂಗಳ ಕೊನೆಯಲ್ಲಿ ‘ನಪಾಸು’ ಎಂಬ ಉತ್ತರ ಬಂದರೆ ಹಾಸಿಗೆಯೇ ಪರೀಕ್ಷೆಯ ಕೊಠಡಿಯಾಗುತ್ತದೆ. ಯಾವ ತೊಂದರೆಯೂ ಇಲ್ಲದ ಕಿರಿಯ ವಯಸ್ಸಿನ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಂಭವ ನಾಲ್ಕೈದರಲ್ಲಿ ಒಂದು ಮಾತ್ರ ಎಂಬುದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ನಿಮ್ಮಿಬ್ಬರ ನಡುವೆ ನಿಂತುಹೋದದ್ದು ಪ್ರೀತಿ ಎಂದು ನನಗೆ ಅನ್ನಿಸುವುದಿಲ್ಲ, ಬಹುಶಃ ಆ ಪರೀಕ್ಷೆಗೆ ಕೂರುವ ಧೈರ್ಯ ನಿಂತಿದೆ. ಸದ್ಯಕ್ಕೆ ಎಣಿಕೆ ಬಿಡಿ. ಮುಂದಿನದೇನನ್ನೂ ನಿರೀಕ್ಷಿಸದೆ ಪಕ್ಕದಲ್ಲಿ ಕೂರುವುದು, ಕೈ ಹಿಡಿಯುವುದು, ಒಟ್ಟಿಗೆ ನಡೆದು ಬರುವುದು ಮರಳಿ ಬರಲಿ; ಉಳಿದದ್ದಕ್ಕೆ ಅವಸರವಿಲ್ಲ.

ಮಾತಿಗೆ ಮಾತ್ರ ಅವಸರವಿದೆ, ಅದನ್ನು ಮುಚ್ಚಿಡಲಾರೆ. ಅಂಡಾಣುಗಳ ಸಂಖ್ಯೆ ಮತ್ತು ಗುಣಮಟ್ಟ ವಯಸ್ಸಿನೊಂದಿಗೆ ಇಳಿಯುತ್ತವೆ, 35ರ ಸುಮಾರಿನ ಬಳಿಕ ಆ ಇಳಿತ ಚುರುಕಾಗುತ್ತದೆ. ಮುಂದುವರಿಯುವುದಾದರೂ ನಿಲ್ಲಿಸುವುದಾದರೂ ಅದು ನೀವಿಬ್ಬರೂ ಕುಳಿತು ಆರಿಸಿಕೊಂಡದ್ದಾಗಿರಲಿ, ಮೌನದಲ್ಲಿ ಕಳೆದುಹೋದದ್ದಾಗದಿರಲಿ. ಇದಕ್ಕೆ ಸಮಾಲೋಚಕರು ಬಳಸುವ ಒಂದು ಸರಳ ಕ್ರಮವಿದೆ: ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಮಾತ್ರ ಈ ವಿಷಯ ಮಾತನಾಡುವುದು, ಮುಗಿದ ಮೇಲೆ ಆ ದಿನ ಮತ್ತೆ ಎತ್ತದಿರುವುದು. ಮಾತು ಬೇಕೆನ್ನುವವರಿಗೆ ಸಿಕ್ಕೇ ಸಿಗುತ್ತದೆ ಎಂಬ ಭರವಸೆ, ಮಾತಿಗೆ ಹೆದರುವವರಿಗೆ ಅದು ಮುಗಿಯುತ್ತದೆ ಎಂಬ ಭರವಸೆ. ಮಲಗುವ ಕೋಣೆಯಲ್ಲಿ ಬೇಡ. ‘ನೀವು ಯಾವತ್ತೂ ಹೀಗೆಯೇ’ ಎಂದು ಆರಂಭಿಸುವುದೂ ಬೇಡ. ‘ಆ ಬೆಳಿಗ್ಗೆ ನೀವು ಹೊರಟಾಗ ನನಗೆ ಹೀಗನ್ನಿಸಿತು’ ಎಂದು ಆರಂಭಿಸಿ. ಬಳಿಕ ಒಟ್ಟಿಗೇ ವೈದ್ಯರ ಬಳಿ ಹೋಗಿ, ಎರಡು ಸುತ್ತು ಫಲಿಸದಿರುವಾಗ ಮೂರನೆಯದರಲ್ಲಿ ಬೇರೆ ಏನು ಮಾಡುತ್ತೀರಿ, ನಮ್ಮ ವಯಸ್ಸಿಗೆ ಎಷ್ಟು ಸಂಭವವಿದೆ ಎಂದು ನೇರವಾಗಿ ಕೇಳಿ. ಇನ್ನೊಂದು ಸುತ್ತಿಗೆ ಒಪ್ಪುವುದಾದರೆ ಎಲ್ಲಿಗೆ ನಿಲ್ಲಿಸುವುದೆಂಬುದನ್ನು ಆರಂಭಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಿ. ದತ್ತು, ದಾನಿಯ ಅಂಡಾಣು ಅಥವಾ ವೀರ್ಯಾಣುವಿನ ನೆರವು, ಮಕ್ಕಳಿಲ್ಲದ ಬದುಕು ಇವೆಲ್ಲ ಬೇರೆ ಬೇರೆ ದಾರಿಗಳು. ಇವನ್ನು ‘ಅದು ಆಗದಿದ್ದರೆ ಇದು’ ಎಂಬಂತೆ ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಬೇಡಿ, ಪ್ರತಿಯೊಂದಕ್ಕೂ ಇಬ್ಬರ ಮನಸ್ಸು ಬೇರೆಯಾಗಿಯೇ ಒಪ್ಪಬೇಕು.

ಮೊದಲ ಇಪ್ಪತ್ತು ನಿಮಿಷದಲ್ಲಿ ಇಷ್ಟೆಲ್ಲ ಬೇಡ. ಆ ಡಬ್ಬಿಯನ್ನು ಎಲ್ಲಿಟ್ಟಿದ್ದೀರಿ, ಯಾಕೆ ತೆಗೆದಿರಿ ಎಂದಷ್ಟೇ ಕೇಳಿ. ನೀರು ಕುಡಿಯಲು ಫ್ರಿಡ್ಜ್ ತೆರೆದಾಗಲೆಲ್ಲ ಅದು ಕಣ್ಣಿಗೆ ಬೀಳುವುದನ್ನು ಅವರಿಗೆ ತಾಳಲಾಗದೆ ಇದ್ದಿರಬಹುದು. ಅವರು ಅದನ್ನು ಎಸೆದಿದ್ದೇನೆ ಎನ್ನಲಿಲ್ಲ ಎಂಬುದನ್ನೂ ಗಮನಿಸಿ, ‘ತೆಗೆದಿಟ್ಟಿದ್ದೇನೆ’ ಎಂದಿದ್ದಾರೆ.

ಪ್ರಶ್ನೆ: ನನಗೆ 39 ವರ್ಷ. ಎರಡು ಸಲ ಪರೀಕ್ಷೆ ಮಾಡಿದರೂ ವೀರ್ಯದಲ್ಲಿ ವೀರ್ಯಾಣು ಒಂದೂ ಇಲ್ಲವೆಂದು ಬಂದಿದೆ. ಮುಂದಿನ ತಪಾಸಣೆಗೆ ನಾನು ಹೋಗಿಲ್ಲ. ಮನೆಯವರು ಕೇಳಿದಾಗ ನನ್ನ ಹೆಂಡತಿ ‘ನನ್ನದೇ ಏನೋ ತೊಂದರೆ’ ಎಂದು ಹೇಳಿಬಿಟ್ಟಳು; ನಾನು ಸುಮ್ಮನಿದ್ದೆ. ಅಂದಿನಿಂದ ಅವಳ ಮುಖ ನೋಡಲಾಗುತ್ತಿಲ್ಲ. ಹತ್ತಿರ ಹೋದರೂ ದೇಹ ಸಹಕರಿಸುವುದಿಲ್ಲ. ನಾನು ಗಂಡಸಾಗಿ ಉಳಿದಿಲ್ಲ ಅನ್ನಿಸುತ್ತದೆ. ದಾನಿಯ ವೀರ್ಯಾಣುವಿನ ಬಗ್ಗೆ ಅವಳು ಕೇಳಿದ್ದಾಳೆ, ಉತ್ತರ ಕೊಟ್ಟಿಲ್ಲ.
– ಒಬ್ಬ ಓದುಗ

ಉತ್ತರ: ಇದನ್ನು ಬರೆದದ್ದಕ್ಕೇ ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ಊಹಿಸಬಲ್ಲೆ. ನಮ್ಮ ಮಾತಿನಲ್ಲಿ ‘ಬಂಜೆ’ ಎಂಬುದು ಹೆಣ್ಣಿಗಷ್ಟೇ ಅಂಟಿಕೊಂಡ ಪದ. ಗಂಡಿನ ವಿಷಯದಲ್ಲಿ ಜನ ಬಳಸುವ ಬೈಗುಳವಾದರೋ ಲೈಂಗಿಕ ಸಾಮರ್ಥ್ಯವನ್ನು ಕುರಿತದ್ದು. ಹೀಗಾಗಿ ವೀರ್ಯಾಣು ಇಲ್ಲದಿರುವುದು ಮತ್ತು ಗಂಡಸುತನ ಇಲ್ಲದಿರುವುದು ಎರಡೂ ಒಂದೇ ಎಂಬ ತಪ್ಪು ಭಾಷೆಯ ಮೂಲಕವೇ ನಮ್ಮ ತಲೆಗಿಳಿದಿದೆ. ಅವೆರಡಕ್ಕೂ ಸಂಬಂಧವಿಲ್ಲ. ವೀರ್ಯದಲ್ಲಿ ವೀರ್ಯಾಣುವೇ ಕಾಣದಿರುವ ಸ್ಥಿತಿ ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ, ಅವರಲ್ಲಿ ಬಹುಪಾಲು ಜನರಿಗೆ ಪರೀಕ್ಷೆಯಾಗುವವರೆಗೆ ಏನೂ ತಿಳಿದಿರುವುದಿಲ್ಲ. ವರದಿ ಬಂದ ಬಳಿಕ ದೇಹ ಸಹಕರಿಸದಿರುವುದು ಹೆಚ್ಚಾಗಿ ಮನಸ್ಸಿನ ಪೆಟ್ಟಿನಿಂದ. ಹಾಗಿದ್ದರೂ ಹಾರ್ಮೋನಿನ ತೊಂದರೆ ಜೊತೆಗಿರಬಹುದಾದ್ದರಿಂದ ವೈದ್ಯರಿಗೆ ಇದನ್ನೂ ಹೇಳಿ.

ತಪಾಸಣೆ ನಿಲ್ಲಿಸಿದ್ದು ಸರಿಯಲ್ಲ. ವೀರ್ಯಾಣು ತಯಾರಾಗುತ್ತಿದ್ದು ಹೊರಬರುವ ದಾರಿ ಮುಚ್ಚಿರುವುದು ಒಂದು ಬಗೆ, ತಯಾರಿಯೇ ಕುಂದಿರುವುದು ಇನ್ನೊಂದು ಬಗೆ. ಹಾರ್ಮೋನಿನ ರಕ್ತಪರೀಕ್ಷೆ, ದೇಹ ತಪಾಸಣೆ, ಕೆಲವೊಮ್ಮೆ ವಂಶವಾಹಿ ಪರೀಕ್ಷೆ ಇವು ಅದನ್ನು ಬೇರ್ಪಡಿಸಲು ನೆರವಾಗುತ್ತವೆ. ಮೊದಲ ಬಗೆಯಲ್ಲಿ ಹೆಚ್ಚಿನವರಿಗೆ, ಎರಡನೆಯದರಲ್ಲೂ ಕೆಲವರಿಗೆ, ವೃಷಣದಿಂದಲೇ ವೀರ್ಯಾಣು ತೆಗೆದು ಒಂದೊಂದನ್ನೇ ಅಂಡಾಣುವಿನೊಳಗೆ ಸೇರಿಸಲು ಸಾಧ್ಯವಾಗುತ್ತದೆ. ಇಕ್ಸಿ ಎಂಬ ಈ ವಿಧಾನದಿಂದ ಗರ್ಭಧಾರಣೆಯಾದ ವರದಿ ಮೊದಲು ಬಂದದ್ದು 1992ರಲ್ಲಿ. ಅದಕ್ಕೂ ಮೊದಲು ನಿಮ್ಮಂಥವರಿಗೆ ಈ ದಾರಿ ಇರಲಿಲ್ಲ. ಒಂದು ಎಚ್ಚರಿಕೆ: ‘ಗಂಡಸುತನ’ ಹೆಚ್ಚಲೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಅಥವಾ ಜೆಲ್ ಬಳಸುತ್ತಿದ್ದರೆ ಇಂದೇ ವೈದ್ಯರಿಗೆ ತಿಳಿಸಿ, ಅದು ವೀರ್ಯಾಣುವಿನ ತಯಾರಿಯನ್ನೇ ತಗ್ಗಿಸುತ್ತದೆ.

ಈಗ ನಿಮ್ಮ ಹೆಂಡತಿಯ ಮಾತಿಗೆ ಬರುತ್ತೇನೆ. ಅವರು ನಿಮ್ಮ ಮರ್ಯಾದೆಯನ್ನು ತಮ್ಮ ಹೆಸರಿನಿಂದ ಮುಚ್ಚಿದರು. ಅದು ಪ್ರೀತಿಯೇ, ಆದರೆ ಅದರ ಭಾರವನ್ನು ಅವರು ದಿನವೂ ಹೊರುತ್ತಿದ್ದಾರೆ, ಮತ್ತು ನೀವು ಮುಖ ತಿರುಗಿಸಿಕೊಂಡದ್ದನ್ನು ಅವರು ನಾಚಿಕೆಯೆಂದು ತಿಳಿಯದೆ ದೂರವಾಗುವಿಕೆ ಎಂದೇ ತಿಳಿದಿರುತ್ತಾರೆ. ಮನೆಯವರಿಗೆ ವರದಿಯ ವಿವರ ಹೇಳಬೇಕೆಂದಿಲ್ಲ. ‘ಇದು ನಮ್ಮಿಬ್ಬರ ವಿಷಯ, ವೈದ್ಯರನ್ನು ಕಾಣುತ್ತಿದ್ದೇವೆ, ಇನ್ನು ಮೇಲೆ ಕೇಳುವುದಿದ್ದರೆ ನನ್ನನ್ನು ಕೇಳಿ’ ಎಂಬ ಒಂದು ಮಾತು ಸಾಕು. ಅದು ನಿಮ್ಮ ಬಾಯಿಂದ, ಹೆಂಡತಿಯ ಎದುರಿಗೇ ಬರಬೇಕು. ಅದಕ್ಕೂ ಮೊದಲು ಅವರ ಬಳಿ, ಅಂದು ಸುಮ್ಮನಿದ್ದದ್ದು ತಪ್ಪಾಯಿತು ಎಂದು ಒಪ್ಪಿಕೊಳ್ಳಿ.

ದಾನಿಯ ಪ್ರಶ್ನೆಗೆ ಈಗಲೇ ಹೌದು ಅಥವಾ ಇಲ್ಲ ಎನ್ನಬೇಕಾಗಿಲ್ಲ. ಆದರೆ ‘ಯೋಚಿಸಲು ನನಗೆ ಸಮಯ ಬೇಕು’ ಎನ್ನುವುದೂ ಒಂದು ಉತ್ತರವೇ, ಅದನ್ನಾದರೂ ಕೊಡಿ. ನಿಮ್ಮದೇ ರಕ್ತದ ಮಗು ಆಗದೇ ಹೋಗಬಹುದು ಎಂಬ ದುಃಖಕ್ಕೆ ಮೊದಲು ಜಾಗ ಬೇಕು. ಆ ದುಃಖ ಕರಗುವ ಮೊದಲೇ ಹೆಂಡತಿಯ ಋಣ ತೀರಿಸಲೆಂದು ಒಪ್ಪಿಕೊಂಡರೆ ಅದರ ಕಹಿ ಮುಂದೆ ಮಗುವಿನ ಮೇಲೆ ಬೀಳಬಹುದು. ಇದೊಂದು ವಿಷಯಕ್ಕೆ ಇಬ್ಬರೂ ಒಟ್ಟಿಗೇ ಆಪ್ತಸಮಾಲೋಚಕರನ್ನು ಕಾಣಬೇಕೆಂದು ಒತ್ತಿ ಹೇಳುತ್ತೇನೆ.

ಪ್ರಶ್ನೆ: ನನ್ನ ಮಗ ಸೊಸೆಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿಲ್ಲ, ಇಬ್ಬರೂ ಆಸ್ಪತ್ರೆಗೆ ಓಡಾಡುತ್ತಿದ್ದಾರೆ. ಕೇಳಿದರೆ ಸೊಸೆಗೆ ನೋವಾಗುತ್ತದೆ, ಕೇಳದಿದ್ದರೆ ಅತ್ತೆಗೆ ಕಾಳಜಿಯಿಲ್ಲ ಎಂದುಕೊಂಡಾಳು. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ಹೀಗೆ ಕೇಳುವ ಅತ್ತೆ ಇರುವುದೇ ಆ ಹುಡುಗಿಗೆ ದೊಡ್ಡ ಆಸರೆ, ಅಮ್ಮಾ. ಮಗ ಸೊಸೆ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದೇ ಒಂದು ಸಲ ಹೇಳಿ: ‘ನಿಮಗೆ ಕಷ್ಟವಾಗುತ್ತಿದೆ ಎಂದು ನನಗೆ ಗೊತ್ತು. ನಾನಾಗಿ ಕೇಳುವುದಿಲ್ಲ. ನಿಮಗೆ ಹೇಳಬೇಕೆನ್ನಿಸಿದಾಗ ನಾನಿದ್ದೇನೆ.’ ಮಗನಿಗೂ ಅಷ್ಟೇ ಒತ್ತು ಕೊಟ್ಟು ಹೇಳಿ, ಅವನನ್ನು ‘ಹೇಗಿದ್ದೀಯ’ ಎಂದು ಈವರೆಗೆ ಯಾರೂ ಕೇಳಿರಲಿಕ್ಕಿಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಈ ತೊಂದರೆ ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮನೆಗೆ ಬಂದುಹೋಗುವವರಲ್ಲೂ ಇಂಥವರಿರುತ್ತಾರೆ, ಹೇಳಿಕೊಂಡಿರುವುದಿಲ್ಲ. ಅವರಿಗೆ ಹತ್ತು ವರ್ಷಕ್ಕೆ ಆಯಿತು, ಇವರು ದತ್ತು ತೆಗೆದುಕೊಂಡ ಮೇಲೆ ಆಯಿತು ಎಂಬ ಕಥೆಗಳನ್ನು ಮಾತ್ರ ಹೇಳಬೇಡಿ.

ನೀವು ಮಾಡಬಹುದಾದ ಇನ್ನೊಂದು ಕೆಲಸವನ್ನು ಬೇರೆ ಯಾರೂ ಮಾಡಲಾರರು. ನಾಲ್ಕು ಜನರ ನಡುವೆ ಯಾರಾದರೂ ‘ಏನಮ್ಮಾ, ಇನ್ನೂ ವಿಶೇಷ ಏನೂ ಇಲ್ವಾ?’ ಎಂದು ಸೊಸೆಯನ್ನು ಕೇಳಿದಾಗ, ಅವಳು ಬಾಯಿ ತೆರೆಯುವ ಮೊದಲು ನೀವೇ ‘ಆ ಮಾತು ಬೇಡ’ ಎಂದು ಹೇಳಿ ಬೇರೆ ವಿಷಯ ತೆಗೆಯಿರಿ. ಆ ಸಂಜೆ ಅವಳು ಸುಮ್ಮನೆ ಬಂದು ನಿಮ್ಮ ಪಕ್ಕದಲ್ಲಿ ಕುಳಿತರೆ ಏನೂ ಕೇಳಬೇಡಿ, ಸ್ವಲ್ಪ ಸರಿದು ಜಾಗ ಕೊಡಿ.